ಬಿದರಿ ಪದಕದಲ್ಲಿ ಚೀನಾದ ಹನ್ನೆರಡು ಪ್ರಾಣಿ: ಡ್ರ್ಯಾಗನ್ ಹೇಗೆ ಕೂರಿಸಲಿ?

ಕಪ್ಪುಬೆಳ್ಳಿ, ಬೀದರ್

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಸರ ಮಾಡಿಕೊಳ್ಳದೆ ಓದಿ.

ನಾನು ಕಲಬುರಗಿಯಲ್ಲಿ ಚಿತ್ರಕಲೆ ಓದಿದವಳು. ಈಗ ಬೀದರಿನ ಒಂದು ಬಿದರಿ ಕಾರ್ಖಾನೆಗೆ ಡಿಸೈನ್ ಬರೆದುಕೊಡುತ್ತೇನೆ. ಕಾರ್ಖಾನೆ ಅಂದರೆ ದೊಡ್ಡದೇನಲ್ಲ, ಎರಡು ಕೋಣೆ, ಒಂದು ಭಟ್ಟಿ. ಮೊನ್ನೆ ಬೆಂಗಳೂರಿನ ಗಿರಾಕಿಯೊಬ್ಬರು ಆರ್ಡರ್ ಕೊಟ್ಟರು. ಚೀನಾದವರ ವರ್ಷದ ಪ್ರಾಣಿಗಳು ಹನ್ನೆರಡೂ ಬೇಕಂತೆ. ಇಲಿ, ಎತ್ತು, ಹುಲಿ, ಮೊಲ, ಡ್ರ್ಯಾಗನ್, ಹಾವು, ಕುದುರೆ, ಆಡು, ಕೋತಿ, ಹುಂಜ, ನಾಯಿ, ಹಂದಿ. ಒಂದೊಂದೂ ಎರಡು ಇಂಚಿನ ದುಂಡು ಪದಕ, ಕೊರಳಿಗೆ ಹಾಕಿಕೊಳ್ಳುವಂಥದ್ದು. ಆಫೀಸಿನಲ್ಲಿ ಯಾರು ಯಾವ ಪ್ರಾಣಿಯ ವರ್ಷದಲ್ಲಿ ಹುಟ್ಟಿದ್ದಾರೋ ಅವರಿಗೆ ಆ ಪದಕ ಕೊಡುತ್ತಾರಂತೆ. ಮುಂದಿನ ಚೀನೀ ಹೊಸ ವರ್ಷ 2027ರ ಫೆಬ್ರವರಿ 6ಕ್ಕೆ ಬರುತ್ತದೆ, ಅದು ಆಡಿನ ವರ್ಷ. ಅಷ್ಟರೊಳಗೆ ಮಾಲು ಕೈಸೇರಬೇಕು.

ಅವರು ಕಳಿಸಿದ ಚಿತ್ರಗಳನ್ನು ನೋಡಿದೆ. ಎಲ್ಲ ಇಂಟರ್ನೆಟ್ಟಿನಿಂದ ಇಳಿಸಿದವು. ಉಬ್ಬಿದ ಕೆನ್ನೆ, ಮುಖಕ್ಕಿಂತ ದೊಡ್ಡ ಕಣ್ಣು. ಇಲಿ ಯಾವುದು ಮೊಲ ಯಾವುದು ಅಂತ ಕಿವಿ ನೋಡಿಯೇ ಹೇಳಬೇಕು. ಡ್ರ್ಯಾಗನ್ ಒಂದೇ ಬೇರೆ ತರಹ ಇತ್ತು, ಬಾಯಿಂದ ಬೆಂಕಿ, ಮೈತುಂಬಾ ಚಿಪ್ಪು.

ಆ ಡ್ರ್ಯಾಗನ್ನನ್ನೇ ಒಂದು ಬಿಲ್ಲೆಯ ಮೇಲೆ ಬರೆದು ಚಾಚಾಗೆ ತೋರಿಸಿದೆ. ನಮ್ಮಲ್ಲಿ ಕೆತ್ತುವ ಕೆಲಸ ಅವರದು. ಅವರು ದೀಪದ ಕೆಳಗೆ ಹಿಡಿದು ನೋಡಿ, “ಬೇಟಿ, ಇಷ್ಟು ಸಣ್ಣ ಜಾಗದಾಗ ಇಷ್ಟು ಚಿಪ್ಪು ಎಲ್ಲಿ ಹೊಡೀಲಿ? ಗೆರಿಗೆ ಗೆರಿ ತಾಗಿತಂದ್ರ ಅಂಚು ಒಡೀತದ, ತಂತಿ ನಿಲ್ಲಂಗಿಲ್ಲ” ಅಂದರು.

ಬಿದರಿ ಕೆಲಸ ನೋಡದವರಿಗೆ ಹೇಳಿಬಿಡುತ್ತೇನೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿ ಮೈಲುತುತ್ತದ ನೀರು ಸವರಿದರೆ ಮೇಲ್ಮೈ ಕಪ್ಪಾಗುತ್ತದೆ. ಅದರ ಮೇಲೆ ಗೀರಿದರೆ ಬಿಳಿ ಗೆರೆ ಕಾಣುತ್ತದೆ. ಗೆರೆಯ ಗುಂಟ ಕಲಮ್ ಅನ್ನುವ ಸಣ್ಣ ಉಳಿಯಿಂದ ಸಣ್ಣ ಕಾಲುವೆ ತೋಡಿ, ಬೆಳ್ಳಿ ತಂತಿ ಕೂರಿಸಿ, ಸುತ್ತಿಗೆಯಿಂದ ತಟ್ಟುತ್ತಾರೆ. ಅಗಲ ಜಾಗಕ್ಕೆ ಬೆಳ್ಳಿ ತಗಡು. ಕೊನೆಗೆ ಬಿಲ್ಲೆ ಕಾಯಿಸಿ ಕೋಟೆ ಮಣ್ಣು, ನವಸಾಗರ ಕಲಸಿದ ರಾಡಿ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಅಂದರೆ ನನಗೆ ಇರುವುದು ಎರಡೇ ಬಣ್ಣ. ಎರಡು ಕಾಲುವೆ ನಡುವೆ ಸ್ವಲ್ಪವಾದರೂ ಗೋಡೆ ಉಳಿಯಬೇಕು.

ಈಗ ಪ್ರಶ್ನೆ. ಇಷ್ಟು ಸಣ್ಣ ಜಾಗದಲ್ಲಿ ಪ್ರಾಣಿಯನ್ನು ಗುರುತು ಸಿಗುವಂತೆ ಕೂರಿಸಲು ಚೀನಾದವರೇ ಏನು ಮಾಡುತ್ತಾರೆ? ಎಷ್ಟರಮಟ್ಟಿಗೆ ನಮ್ಮ ಕಡೆಯ ರೂಪ ಕೊಟ್ಟರೆ ನಡೆಯುತ್ತದೆ? ಇನ್ನೊಂದು, ಹಂದಿ. ಹಂದಿ ಇರುವ ಪದಕವನ್ನು ಬೆಂಗಳೂರಿನವರು ಕೊರಳಿಗೆ ಹಾಕಿಕೊಳ್ಳುತ್ತಾರಾ?

ಕತ್ತರಿ_ಮೇಷ್ಟ್ರು, ಯಾದಗಿರಿ

ನಾನು ಹೈಸ್ಕೂಲ್ ಡ್ರಾಯಿಂಗ್ ಮೇಷ್ಟ್ರು. ಮಕ್ಕಳಿಗೆ ಕಾಗದ ಕತ್ತರಿಸುವ ಕೆಲಸ ಹೇಳಿಕೊಡುತ್ತೇನೆ, ಹಾಗಾಗಿ ಚೀನಾದ ಕಾಗದ ಕತ್ತರಿ ಕಲೆ ಬಗ್ಗೆ ಸ್ವಲ್ಪ ಗೊತ್ತು. ನಿಮ್ಮ ಗಿರಾಕಿಯ ಚಿತ್ರ ಪಕ್ಕಕ್ಕಿಟ್ಟು ಇದನ್ನು ನೋಡಿ ಮೇಡಂ. ಹೊಸ ವರ್ಷಕ್ಕೆ ಅವರು ಕೆಂಪು ಕಾಗದದಲ್ಲಿ ಪ್ರಾಣಿ, ಹೂವು ಕತ್ತರಿಸಿ ಕಿಟಕಿಗೆ ಅಂಟಿಸುತ್ತಾರೆ. ಯುನೆಸ್ಕೋ 2009ರಲ್ಲಿ ತನ್ನ ಪರಂಪರೆ ಪಟ್ಟಿಗೆ ಸೇರಿಸಿದ ಕಲೆ ಇದು. ಅವರಿಗೂ ಇರುವುದು ಎರಡೇ, ಕಾಗದ ಇದ್ದ ಜಾಗ ಮತ್ತು ಇಲ್ಲದ ಜಾಗ. ನಿಮ್ಮ ಕಷ್ಟವನ್ನೆಲ್ಲ ಅವರು ಆಗಲೇ ಪಟ್ಟಿದ್ದಾರೆ.

ಅಲ್ಲಿ ಎರಡು ಪದ್ಧತಿ ಇವೆ. ಒಂದರಲ್ಲಿ ಗೆರೆ ಉಳಿಸಿ ಮಿಕ್ಕಿದ್ದು ತೆಗೆಯುತ್ತಾರೆ. ಆಗ ಎಲ್ಲ ಗೆರೆಯೂ ಒಂದಕ್ಕೊಂದು ಕೂಡಿರಬೇಕು, ಇಲ್ಲವಾದರೆ ತುಂಡು ಉದುರುತ್ತದೆ. ಇನ್ನೊಂದರಲ್ಲಿ ಮೈ ಹಾಗೇ ಬಿಟ್ಟು ಗೆರೆ ಮಾತ್ರ ಕೊರೆಯುತ್ತಾರೆ. ಇಲ್ಲಿ ಗೆರೆ ಗೆರೆ ಬೇರೆ ಬೇರೆಯೇ ಇರುತ್ತವೆ. ನಿಮ್ಮ ಚಾಚಾಗೆ ಬೇಕಾಗಿರುವುದು ಈ ಎರಡನೆಯದು. ಗೆರೆಗೆ ಗೆರೆ ತಾಗುವ ಪ್ರಶ್ನೆಯೇ ಬರುವುದಿಲ್ಲ.

ರೋಮಕ್ಕೆ, ಪುಕ್ಕಕ್ಕೆ ಅವರು ಎರಡೇ ಗುರುತು ಬಳಸುತ್ತಾರೆ. ಗರಗಸದ ಹಲ್ಲಿನ ಸಾಲು, ಮತ್ತೆ ಎಳೆ ಚಂದ್ರನ ಆಕಾರದ ಸಣ್ಣ ಸೀಳು. ಹುಲಿಯ ಬೆನ್ನಿಗೆ ಗರಗಸ ಹಲ್ಲು, ಹುಂಜದ ರೆಕ್ಕೆಗೆ ಚಂದ್ರ. ಕಲಮನ್ನು ಒಮ್ಮೆ ಒತ್ತಿ ತಿರುಗಿಸಿದರೆ ಬರುವ ಗುರುತೂ ಹೆಚ್ಚುಕಡಿಮೆ ಆ ಚಂದ್ರನೇ ಅಲ್ವಾ? ಚಾಚಾಗೆ ಕೇಳಿ ನೋಡಿ.

ಇನ್ನೊಂದು ನನಗೆ ಬಹಳ ಇಷ್ಟವಾದದ್ದು. ಅವರ ಹಳ್ಳಿ ಹೆಂಗಸರು ಪ್ರಾಣಿಯ ಹೊಟ್ಟೆಯೊಳಗೆ ಹೂವು ಕತ್ತರಿಸುತ್ತಾರೆ. ಎತ್ತಿನ ಪಕ್ಕೆಯಲ್ಲಿ ಪೂರ್ತಿ ಒಂದು ಹೂವು, ಎಲೆ, ಮೊಗ್ಗು. ಹೊರಗಿನ ಆಕಾರ ಎತ್ತು, ಒಳಗೆ ಬಳ್ಳಿ. ನೀವು ಬಿದರಿ ಹೂದಾನಿಗೆ ದಿನಾ ಬರೆಯುವ ಹೂಬಳ್ಳಿ ಎಲ್ಲಿಗೂ ಹೋಗಬೇಕಾಗಿಲ್ಲ, ಎತ್ತಿನ ಹೊಟ್ಟೆಗೆ ಹಾಕಿ. ಚಾಚಾಗೆ ಕೈಗೆ ಬಂದ ಕೆಲಸ, ನಿಮಗೆ ಹೊಸ ಡಿಸೈನ್.

ಹುಲಿಗೆ ಒಂದು ಸುಲಭ ಉಪಾಯ. ಚೀನಾದ ಹುಲಿಯ ಹಣೆಯ ಮೇಲೆ ಮೂರು ಅಡ್ಡಗೆರೆ, ಒಂದು ಉದ್ದಗೆರೆ ಇರುತ್ತದೆ. ಅದು ಅವರ ಲಿಪಿಯ ‘ರಾಜ’ ಅಕ್ಷರ. ನಾಲ್ಕು ತುಂಡು ತಂತಿ ಸಾಕು, ನೋಡಿದವರಿಗೆ ಇದು ಬಂಡೀಪುರದ ಹುಲಿಯಲ್ಲ ಅಂತ ಗೊತ್ತಾಗುತ್ತದೆ.

ಕೋತಿಗೆ 1980ರ ಅಂಚೆ ಚೀಟಿ ಹುಡುಕಿ ನೋಡಿ. ಚೀನಾ ಹೊರಡಿಸಿದ ಮೊದಲನೇ ವರ್ಷಪ್ರಾಣಿ ಚೀಟಿ ಅದು, ಹುವಾಂಗ್ ಯೊಂಗ್ಯು ಬರೆದ ಚಿತ್ರ. ಕೆಂಪು ನೆಲದ ಮೇಲೆ ಕರಿ ಕೋತಿ ಸುಮ್ನೆ ಕೂತಿದೆ. ಮೈ ಪೂರ್ತಿ ಕಪ್ಪು, ಜೀವ ಎಲ್ಲ ಮುಖದಲ್ಲಿ. ಕಪ್ಪು ಹೇಗೂ ನಿಮಗೆ ಪುಕ್ಕಟೆ.

ಜೋಳದ_ರೊಟ್ಟಿ, ಕಲಬುರಗಿ

ನನಗೆ ಒಂದು ಅರ್ಥ ಆಗಲಿಲ್ಲ. ನಮ್ಮ ಬಿದರಿಗೆ 2006ರಲ್ಲೇ ಜಿಐ ಟ್ಯಾಗ್ ಬಂದಿದೆ. ನಮ್ಮ ಹನ್ನೆರಡು ರಾಶಿ ಬಿಟ್ಟು ಚೀನಾದವರ ಇಲಿ, ಹಂದಿ ಯಾಕೆ ಮಾಡಬೇಕು? ಮೇಷ, ವೃಷಭ ಮಾಡಿ ಕೊಡಿ, ಬೇಕಾದರೆ ತಗೊಳ್ಳಲಿ.

ಕಪ್ಪುಬೆಳ್ಳಿ, ಬೀದರ್

ಅಣ್ಣಾ, ಗಿರಾಕಿ ಅಡ್ವಾನ್ಸ್ ಕೊಟ್ಟಿದ್ದು ಇಲಿ ಹಂದಿಗೆ. ಹುಕ್ಕಾ, ಸುರಾಹಿ ಮಾಡುತ್ತಿದ್ದ ಕೈಗಳೇ ಈಗ ಪೆನ್‌ಡ್ರೈವ್ ಕವರ್ ಮಾಡುತ್ತಿವೆ. ಅದಕ್ಕೆ ಇಲ್ಲದ ಮೈಲಿಗೆ ಇಲಿಗೆ ಯಾಕೆ?

ಮೇಷ್ಟ್ರೇ, ಹೊಟ್ಟೆಯೊಳಗಿನ ಹೂವಿನ ಮಾತು ಬಹಳ ಹಿಡಿಸಿತು. ಚಾಚಾಗೆ ಹೇಳಿದೆ. ಮೊದಲು ನಕ್ಕರು, ಆಮೇಲೆ ಅವರೇ ಕಲಮ್ ಎತ್ತಿಕೊಂಡು ಹಾಳಾದ ಬಿಲ್ಲೆಯೊಂದರ ಮೇಲೆ ಚಂದ್ರ ಚಂದ್ರ ಒತ್ತುತ್ತಾ ಕೂತರು. ಹುಂಜದ ರೆಕ್ಕೆ ಒಂದು ಸಂಜೆಯಲ್ಲಿ ಬಂತು. ಒಂದು ಚಂದ್ರಕ್ಕೂ ಇನ್ನೊಂದಕ್ಕೂ ನಡುವೆ ಅಕ್ಕಿ ಕಾಳಿನ ದಪ್ಪ ಗೋಡೆ ಉಳಿದಿದೆ. ಅಷ್ಟಿದ್ದರೆ ತಂತಿ ಅಲ್ಲಾಡುವುದಿಲ್ಲ.

ಆದರೆ ಡ್ರ್ಯಾಗನ್ ಇನ್ನೂ ಹಾಗೇ ಕೂತಿದೆ.

ಪಂಚಾಂಗ_ಕಾಕಾ, ಕಲಬುರಗಿ

ತಂಗೀ, ರೊಟ್ಟಿ ಅಣ್ಣನ ಮಾತು ಪೂರ್ತಿ ತಳ್ಳಿಹಾಕಬೇಡ. ಆದರೆ ಅವರು ತಪ್ಪು ಪುಟ ತೆಗೆದಿದ್ದಾರೆ. ರಾಶಿ ಪುಟ ಬಿಟ್ಟು ಸಂಕ್ರಾಂತಿ ಪುಟ ತೆಗೆ.

ನಮ್ಮ ಕಡೆ ಪ್ರತಿ ವರ್ಷ ಕೇಳುತ್ತಾರಲ್ಲ, “ಈ ಸಲ ಸಂಕ್ರಾಂತಿ ಯಾತರ ಮ್ಯಾಲ ಬಂದದ?” ಅಂತ. ಸೂರ್ಯ ಮಕರ ರಾಶಿಗೆ ಕಾಲಿಡುವ ಹೊತ್ತಿಗೆ ಯಾವ ಕರಣ, ಅಂದರೆ ಅರ್ಧ ತಿಥಿ, ನಡೆದಿದೆಯೋ ಅದರ ಪ್ರಕಾರ ವಾಹನ. ಕರಣ ಹನ್ನೊಂದು, ವಾಹನವೂ ಹನ್ನೊಂದು. ಬವಕ್ಕೆ ಸಿಂಹ, ಬಾಲವಕ್ಕೆ ಹುಲಿ, ಕೌಲವಕ್ಕೆ ಹಂದಿ, ತೈತಿಲಕ್ಕೆ ಕತ್ತೆ, ಗರಜಕ್ಕೆ ಆನೆ, ವಣಿಜಕ್ಕೆ ಕೋಣ, ಭದ್ರಕ್ಕೆ ಕುದುರೆ, ಶಕುನಿಗೆ ನಾಯಿ, ಚತುಷ್ಪಾದಕ್ಕೆ ಆಡು, ನಾಗಕ್ಕೆ ಎತ್ತು, ಕಿಂಸ್ತುಘ್ನಕ್ಕೆ ಹುಂಜ. ನಿನ್ನ ಹನ್ನೆರಡರಲ್ಲಿ ಏಳು ಇಲ್ಲೇ ಬಂದವು ನೋಡು, ಹುಲಿ, ಹಂದಿ, ಕುದುರೆ, ನಾಯಿ, ಆಡು, ಎತ್ತು, ಹುಂಜ. ಹಂದಿಯ ಮೇಲೆ ಸಂಕ್ರಾಂತಿಯೇ ಬರುವಾಗ ಬೆಂಗಳೂರಿನವರ ಕೊರಳಿಗೆ ಏನು ಧಾಡಿ?

ಮಿಕ್ಕಿದ್ದರಲ್ಲಿ ಇಲಿ, ಹಾವು, ಕೋತಿ ಬೇಕಾದರೆ ಜಾತಕ ಕೂಡಿಸುವಾಗ ನೋಡುವ ಯೋನಿ ಕೂಟದಲ್ಲಿ ಸಿಗುತ್ತವೆ. ಅಲ್ಲಿ ಹದಿನಾಲ್ಕು ಪ್ರಾಣಿ, ಎರಡೆರಡು ವೈರಿ. ಬೆಕ್ಕಿಗೆ ಇಲಿ, ಹಾವಿಗೆ ಮುಂಗುಸಿ, ಹಸುವಿಗೆ ಹುಲಿ, ಕುದುರೆಗೆ ಕೋಣ. ಚೀನಾದವರಿಗೂ ವೈರ ಉಂಟು, ಲೆಕ್ಕ ಬೇರೆ. ಹನ್ನೆರಡನ್ನೂ ಸುತ್ತ ಕೂರಿಸಿದರೆ ಎದುರುಬದುರು ಬಂದವು ವೈರಿಗಳು. ಇಲಿಗೆ ಕುದುರೆ, ಎತ್ತಿಗೆ ಆಡು, ಹುಲಿಗೆ ಕೋತಿ, ಮೊಲಕ್ಕೆ ಹುಂಜ, ಡ್ರ್ಯಾಗನ್‌ಗೆ ನಾಯಿ, ಹಾವಿಗೆ ಹಂದಿ. ದಿನದ ಹೊತ್ತನ್ನೂ ಅವರು ಹೀಗೇ ಹಂಚಿದ್ದಾರೆ, ಒಂದೊಂದು ಪ್ರಾಣಿಗೆ ಎರಡೆರಡು ತಾಸು. ನಡುರಾತ್ರಿ ಇಲಿಯದು, ನಡುಮಧ್ಯಾಹ್ನ ಕುದುರೆಯದು. ಗಿರಾಕಿ ಮುಂದೆ ದೊಡ್ಡ ತಟ್ಟೆ ಕೇಳಿದರೆ ಈ ಸುತ್ತು ಹಾಕಿಕೊಡು, ಗಡಿಯಾರವೂ ಆದೀತು.

ಇನ್ನೊಂದು ಸಂಗತಿ ಹೇಳದೆ ಬಿಡಲಾರೆ. ನಮ್ಮ ಸಂವತ್ಸರವೂ ಅರವತ್ತು, ಅವರದೂ ಅರವತ್ತು. ಹನ್ನೆರಡು ಪ್ರಾಣಿಯನ್ನು ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದರ ಜೊತೆ ಸುತ್ತಿಸಿದರೆ ಅರವತ್ತು ಆಗುತ್ತದೆ. ಟಿಬೆಟಿನವರು ಎರಡನ್ನೂ ಬೆಸೆದುಬಿಟ್ಟರು. ಅವರ ಅರವತ್ತರ ಎಣಿಕೆ 1027ರಲ್ಲಿ ಬೆಂಕಿ ಮೊಲದ ವರ್ಷದಿಂದ ಶುರು, ಅದೇ ನಮ್ಮ ಪ್ರಭವ. 1987 ಕೂಡ ಪ್ರಭವ, ಬೆಂಕಿ ಮೊಲ. ಈಗ 2026, ನಮಗೆ ಪರಾಭವ, ಅವರಿಗೆ ಬೆಂಕಿ ಕುದುರೆ. ಹಿಂದಿನ ಬೆಂಕಿ ಕುದುರೆ 1966. ಆ ವರ್ಷ ಹುಟ್ಟಿದ ಹೆಣ್ಣು ಗಂಡನಿಗೆ ಕೇಡು ಅಂತ ಜಪಾನಿನಲ್ಲಿ ನಂಬಿ, ಹಿಂದಿನ ವರ್ಷಕ್ಕಿಂತ ಕಾಲು ಭಾಗ ಕಡಿಮೆ ಮಕ್ಕಳು ಹುಟ್ಟಿದರು. ಮೂಲಾ ನಕ್ಷತ್ರದ ಹುಡುಗಿಗೆ ಮಾವ ಇಲ್ಲದ ಮನೆ ಹುಡುಕುವ ನಮ್ಮ ಮಂದಿ ನಗುವಂತಿಲ್ಲ.

ಐದಕ್ಕೂ ಬಣ್ಣ ಇದೆ. ಮರ ಹಸಿರು, ಬೆಂಕಿ ಕೆಂಪು, ಮಣ್ಣು ಹಳದಿ, ಲೋಹ ಬಿಳಿ, ನೀರು ಕಪ್ಪು. ನಿನ್ನ ಬಿದರಿಯಲ್ಲಿ ಇರುವುದು ಬಿಳಿ, ಕಪ್ಪು. 2020, 2021 ಲೋಹದ ಇಲಿ, ಲೋಹದ ಎತ್ತು. 2022, 2023 ನೀರಿನ ಹುಲಿ, ನೀರಿನ ಮೊಲ. ಲೋಹದವಕ್ಕೆ ಬೆಳ್ಳಿ ಜಾಸ್ತಿ ಹಾಕು, ನೀರಿನವಕ್ಕೆ ಕಪ್ಪು ಜಾಸ್ತಿ ಬಿಡು.

ಕೋಟೆ_ತಿರುಗಾಟ, ಬೀದರ್

ಅಕ್ಕಾ, ನೀವು ದಿನಾ ಕೋಟೆ ಮಣ್ಣು ತರಿಸುತ್ತೀರಿ, ಕೋಟೆ ಬಾಗಿಲು ಒಮ್ಮೆ ನೋಡಿ. ಶರ್ಜಾ ದರ್ವಾಜಾದ ಮೇಲೆ ಎರಡು ಹುಲಿ ಇವೆ. ತಖ್ತ್ ಮಹಲಿನ ಕಮಾನಿನ ಮೂಲೆಯಲ್ಲಿ ಹುಲಿ, ಜೊತೆಗೆ ಹುಟ್ಟುವ ಸೂರ್ಯ. ಮೇಷ್ಟ್ರು ಹೇಳಿದ ರಾಜನ ಅಕ್ಷರವನ್ನು ಆ ಹುಲಿಯ ಹಣೆಗೆ ಬರೆಯಿರಿ, ನಿಮ್ಮ ಪದಕ ಆಯಿತು.

ಹಂದಿಗೂ ಬಸವಕಲ್ಯಾಣದ ಕಡೆಯೇ ಉತ್ತರ ಇದೆ. ಕಲ್ಯಾಣದಿಂದ ಆಳಿದ ಚಾಲುಕ್ಯರ ಲಾಂಛನ ವರಾಹ. ಅದರಿಂದಲೇ ನಾಣ್ಯಕ್ಕೂ ಆ ಹೆಸರು. ಜಪಾನಿನವರು ಈ ಜಾಗದಲ್ಲಿ ಸಾಕು ಹಂದಿ ಬಿಟ್ಟು ಕಾಡು ಹಂದಿ ಇಟ್ಟುಕೊಂಡಿದ್ದಾರೆ. ಕೋರೆ ಹಲ್ಲು, ಬೆನ್ನ ಮೇಲೆ ನಿಮಿರಿದ ಕೂದಲು ಕೊಡಿ. ಯಾರೂ ಬೇಡ ಅನ್ನುವುದಿಲ್ಲ.

ಡ್ರ್ಯಾಗನ್ ವಿಷಯ. ಮೊದಲು ಆ ಬೆಂಕಿ ಆರಿಸಿ. ಚೀನಾದ ಡ್ರ್ಯಾಗನ್ ಬೆಂಕಿ ಉಗುಳುವ ಜಾತಿ ಅಲ್ಲ, ಮಳೆ ತರುವ ಜಾತಿ. ಹೊಳೆ, ಸಮುದ್ರ, ಮೋಡ ಅದರ ಜಾಗ. ಹಳೇ ವರ್ಣನೆ ಪ್ರಕಾರ ಜಿಂಕೆಯ ಕೊಂಬು, ಒಂಟೆಯ ತಲೆ, ಹಾವಿನ ಕುತ್ತಿಗೆ, ಮೀನಿನ ಚಿಪ್ಪು, ಹದ್ದಿನ ಉಗುರು, ಹುಲಿಯ ಪಂಜ, ಎತ್ತಿನ ಕಿವಿ. ಎಲ್ಲ ಕೂಡಿಸಿ ಮಾಡಿದ ಪ್ರಾಣಿ. ನಮ್ಮಲ್ಲೂ ಹೀಗೆ ಕೂಡಿಸಿ ಮಾಡಿದ ನೀರಿನ ಪ್ರಾಣಿ ಒಂದಿದೆ, ಮಕರ. ಮೊಸಳೆಯ ಬಾಯಿ, ಆನೆಯ ಸೊಂಡಿಲು, ಬಳ್ಳಿ ಬಳ್ಳಿಯಾಗಿ ಸುರುಳಿ ಬಿಡುವ ಬಾಲ. ಚಾಲುಕ್ಯರ ಗುಡಿಗಳ ತೋರಣದಲ್ಲಿ ನೋಡಿರುತ್ತೀರಿ. ಬಾಲ ಆಗಲೇ ಅರ್ಧ ಬಿದರಿ ಬಳ್ಳಿ. ತಲೆ, ಕೊಂಬು, ಉಗುರು ಡ್ರ್ಯಾಗನ್‌ದು ಇಡಿ, ಹಿಂಭಾಗ ಮಕರದ್ದು ಮಾಡಿ. ಚಿಪ್ಪು ಕೊರಳಿಗೆ ಮಾತ್ರ ನಾಲ್ಕೈದು. ಉಗುರು ಮಾತ್ರ ನೋಡಿ ಹಾಕಿ. ಐದು ಉಗುರಿನದು ಚಕ್ರವರ್ತಿಯ ಡ್ರ್ಯಾಗನ್, ಉಳಿದವರಿಗೆ ನಾಲ್ಕು, ಮೂರು. ಎರಡಿಂಚಿಗೆ ಮೂರೇ ಒಳ್ಳೆಯದು.

ಚಾಚಾಗೆ ಇದೆಲ್ಲ ಪರದೇಶದ್ದು ಅನ್ನಿಸಿದರೆ ಇದೂ ಹೇಳಿ. ಈ ಹನ್ನೆರಡು ಪ್ರಾಣಿಯ ಲೆಕ್ಕ ಮಂಗೋಲರ ಜೊತೆ ಇರಾನಿಗೂ ಹೋಗಿತ್ತು. 1925ರಲ್ಲಿ ಕ್ಯಾಲೆಂಡರ್ ಕಾನೂನು ಬದಲಾಗುವ ತನಕ ಅಲ್ಲಿ ಬಳಕೆಯಲ್ಲಿತ್ತು. ಬಿದರಿ ಕೆಲಸ ಇರಾನಿನಿಂದ ಬಂತು ಅಂತ ತಾನೇ ಕಾರೀಗರರು ಹೇಳುವುದು? ಬೀದರಿನ ಮದರಸಾ ಕಟ್ಟಿಸಿದ ಮಹಮೂದ್ ಗವಾನನೂ ಇರಾನಿನ ಗೀಲಾನಿನವನು. ಇಲಿ, ಎತ್ತು ಆ ದಾರಿಯಲ್ಲಿ ಇಲ್ಲಿಗೆ ಬರಬಹುದಿತ್ತು, ಬರಲಿಲ್ಲ. ಈಗ ಬೆಂಗಳೂರಿನ ದಾರಿ ಹಿಡಿದು ಬಂದಿವೆ.

ಕಪ್ಪುಬೆಳ್ಳಿ, ಬೀದರ್

ಇಷ್ಟು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಒಟ್ಟಿಗೇ ಬರೆಯುತ್ತೇನೆ.

ಗಿರಾಕಿಗೆ ಫೋನ್ ಮಾಡಿ, ಕಾರ್ಟೂನ್ ಬೇಡ, ಪ್ರಾಣಿ ನಿಮ್ಮದೇ, ಮೈ ಮಾತ್ರ ಬೀದರಿನದು ಅಂದೆ. ಸ್ಕೆಚ್ ತೋರಿಸಿ ಅಂದರು, ತೋರಿಸಿದೆ, ಒಪ್ಪಿದರು. ರೇಟ್ ಮಾತ್ರ ಒಂದು ರೂಪಾಯಿ ಏರಿಸಲಿಲ್ಲ.

ಎತ್ತಿಗೆ ಡುಬ್ಬ ಕೊಟ್ಟಿದ್ದೇನೆ. ಚೀನಾದ ಚಿತ್ರಗಳಲ್ಲಿ ಎತ್ತಿನ ಬೆನ್ನು ಸಪಾಟು. ನಾನು ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಯಲ್ಲಿ ಮಾಡುವ ಎತ್ತನ್ನೇ ಬರೆದೆ. ಮೊಂಡು ಕಾಲು, ದೊಡ್ಡ ಡುಬ್ಬ, ಹೊಟ್ಟೆಯಲ್ಲಿ ಮೇಷ್ಟ್ರ ಹೂವು. ಕುದುರೆಗೂ ನಾಯಿಗೂ ಖಾನಾಪುರದ ಮೈಲಾರ ಮಲ್ಲಣ್ಣನನ್ನು ನೆನೆಸಿಕೊಂಡೆ, ಅವನ ಜೊತೆ ಎರಡೂ ಇರುತ್ತವಲ್ಲ. ಕುದುರೆಯ ಜೀನಿಗೆ ತಗಡು, ಜೂಲಿಗೆ ತಂತಿ. ಹಾವು ನಾಗರ ಪಂಚಮಿಯ ಹೆಡೆ ಬಿಚ್ಚಿದ್ದು. ಇಲಿ ಸದ್ಯಕ್ಕೆ ಗಣಪತಿಯ ಕಾಲಡಿಯಿಂದ ಎದ್ದು ಬಂದ ಹಾಗಿದೆ, ಇನ್ನೂ ಸರಿಮಾಡಬೇಕು. ಆಡು ಏನೂ ಕಷ್ಟ ಕೊಡಲಿಲ್ಲ.

ಮೊಲ ಎಲ್ಲಕ್ಕಿಂತ ಚೆನ್ನಾಗಿ ಬಂದಿದೆ ಅಂತ ನನಗೆ. ಅವರಿಗೂ ಚಂದ್ರನಲ್ಲಿ ಮೊಲ ಇದೆ, ಒರಳಲ್ಲಿ ಔಷಧಿ ಕುಟ್ಟುತ್ತಿರುತ್ತದೆ. ನಮಗೂ ಅಲ್ಲಿ ಮೊಲವೇ. ಅದಕ್ಕೆ ಪದಕದ ನಡುವೆ ಬೆಳ್ಳಿ ತಗಡಿನ ದುಂಡು ಚಂದ್ರ, ಅದರಲ್ಲಿ ಮೊಲದ ಆಕಾರದಷ್ಟು ಜಾಗ ಖಾಲಿ. ಎಲ್ಲ ಪದಕದಲ್ಲಿ ಪ್ರಾಣಿ ಬೆಳ್ಳಿ, ಇದೊಂದರಲ್ಲಿ ಪ್ರಾಣಿ ಕಪ್ಪು. ತಗಡನ್ನು ಆ ಕಿವಿಯ ಸಂದಿಗೆ ಹೊಂದುವಂತೆ ಕತ್ತರಿಸುವುದಕ್ಕೆ ಚಾಚಾ ಬೈದುಕೊಂಡರು, ಆದರೆ ಬಿಡದೆ ಮಾಡಿದರು.

ಡ್ರ್ಯಾಗನ್ ಮಕರದ ಬಾಲ ಹಚ್ಚಿಕೊಂಡು ಕೂತಿತು. “ಈಗ ಜಾಗ ಅದ” ಅಂದರು ಚಾಚಾ. ಇರಾನಿನ ಮಾತು ಹೇಳಿದಾಗ ಮಾತ್ರ ನಂಬಲಿಲ್ಲ. ಇರಾನಿನವರಿಗೆ ಹಂದಿ ಯಾಕಪ್ಪಾ ಬೇಕಿತ್ತು ಅಂತ ಕೇಳಿದರು!

ಗಿರಾಕಿಗೆ ಒಂದು ಎಚ್ಚರಿಕೆಯನ್ನೂ ಹೇಳಿದ್ದೇನೆ. ಜನವರಿಯಲ್ಲಿ ಹುಟ್ಟಿದವರನ್ನು ಇಸವಿ ನೋಡಿ ಹಂಚಬೇಡಿ. ಚೀನೀ ವರ್ಷ ಜನವರಿ ಕೊನೆಗೋ ಫೆಬ್ರವರಿಗೋ ಶುರುವಾಗುತ್ತದೆ. 1990ರ ಜನವರಿ 10ಕ್ಕೆ ಹುಟ್ಟಿದವರು ಕುದುರೆಯಲ್ಲ, ಹಾವು.

ಕೊನೆಯದಾಗಿ ದಾರದ ವಿಷಯ. ತಾವು ಹುಟ್ಟಿದ ಪ್ರಾಣಿಯ ವರ್ಷ ತಿರುಗಿ ಬಂದಾಗ ಕೇಡು ತಟ್ಟದಿರಲಿ ಅಂತ ಚೀನಾದವರು ಕೆಂಪು ಹಾಕಿಕೊಳ್ಳುತ್ತಾರೆ. ಸೊಂಟಕ್ಕೆ ಕೆಂಪು ಪಟ್ಟಿ, ಕೈಗೆ ಕೆಂಪು ದಾರ. ನಮ್ಮ ಉಡದಾರವೇ. ಬಿದರಿಯಲ್ಲಿ ಕೆಂಪು ಬರುವುದಿಲ್ಲ, ಹಾಗಾಗಿ ಪದಕಕ್ಕೆ ಸರಪಳಿ ಬಿಟ್ಟು ಕೆಂಪು ಉಡದಾರ ಹಾಕೋಣ ಅಂತ ಇದ್ದೇನೆ. ಬಣ್ಣ ಬಿಡದ, ಗಟ್ಟಿ ಹೆಣಿಗೆಯದು ಕಲಬುರಗಿಯಲ್ಲಿ ಎಲ್ಲಿ ಸಿಗುತ್ತದೆ?

ಜೋಳದ_ರೊಟ್ಟಿ, ಕಲಬುರಗಿ

ಸೂಪರ್ ಮಾರ್ಕೆಟ್ ಕಡೆ ಪೂಜಾ ಸಾಮಾನಿನ ಅಂಗಡಿಗಳಲ್ಲಿ ಕೇಳಿ. ತಗೊಳ್ಳುವ ಮೊದಲು ಒದ್ದೆ ಬಿಳಿ ಕರವಸ್ತ್ರಕ್ಕೆ ತಿಕ್ಕಿ ನೋಡಿ, ಬಣ್ಣ ಬಿಡುವುದು ಅಲ್ಲೇ ಗೊತ್ತಾಗುತ್ತದೆ. ನನ್ನದು 1988, ಲೆಕ್ಕ ಹಾಕಿದರೆ ಡ್ರ್ಯಾಗನ್ ಬರುತ್ತಿದೆ. ಒಂದು ಹೆಚ್ಚಿಗೆ ಮಾಡಿದರೆ ರೇಟ್ ತಿಳಿಸಿ.